ಚಚಡಿಯಲ್ಲಿ ತುಂಬಿದ ಉಡಿ

ನಮ್ಮ ಕಡೆ ಹೆಣ್ಣು ತನ್ನ ಗಂಡನ ಹೆಸರನ್ನು ಬರಿದಾಗಿ ಹೇಳುವುದಿಲ್ಲ. ಹೇಳಲೇಬೇಕಾದಾಗ ನಾಲ್ಕು ಸಾಲಿನ ಒಡಪು ಕಟ್ಟಿ, ಅದರ ಕೊನೆಗೆ ಆ ಹೆಸರನ್ನು ಮೆಲ್ಲಗೆ ಇಡುತ್ತಾಳೆ, ದೇವರ ಮುಂದೆ ಹೂವಿಟ್ಟ ಹಾಗೆ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತುಬಿಡುತ್ತಾರೆ. ಒಡಪು ಹೇಳಿದರೆ ಮಾತ್ರ ಹೊಸ್ತಿಲು ದಾಟಬಹುದು. ಈಗಿನ ಹುಡುಗಿಯರು ಫೋನಿನಲ್ಲಿ ನೋಡಿ ಕಲಿಯುತ್ತಾರೆ, ನಿಜ. ಆದರೂ ಮುನವಳ್ಳಿಯ ಸುತ್ತಮುತ್ತ ಮದುವೆ ಗೊತ್ತಾದವರು ಮೊದಲು ಹೋಗುವುದು ಚನ್ನವ್ವನ ಮಗಳು ಗಂಗಾಳ ಮನೆಗೆ.

ತಾಯಿ ಮಗಳು ಇಬ್ಬರೂ ಖಡಕ್ ರೊಟ್ಟಿ ಬಡಿದು ಸವದತ್ತಿಯ ಅಂಗಡಿಗಳಿಗೆ ಕೊಡುವವರು. ಗಂಗಾಳ ತಂದೆ ತೀರಿಕೊಂಡ ಮೇಲೆ ಅದೇ ಅವರ ಬದುಕು. ಒಡಪಿಗೆ ಗಂಗಾ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹುಡುಗನ ಹೆಸರು ಕೇಳಿ, ಲಿಂಗಪೂಜೆ ಮುಗಿಸಿ, ಎಲ್ಲವ್ವನ ಗುಡ್ಡದ ಕಡೆ ಒಮ್ಮೆ ಕೈಮುಗಿದು ಒಲೆಯ ಮುಂದೆ ಕೂರುವಳು. ರೊಟ್ಟಿ ಬಡಿಯುವ ಸಪ್ಪಳದ ಮೇಲೆಯೇ ಸಾಲುಗಳು ಕೂಡಿ ಬರುತ್ತಿದ್ದವು. ಒಬ್ಬರ ಹೆಸರಿಗೆ ಕಟ್ಟಿದ್ದನ್ನು ಇನ್ನೊಬ್ಬರಿಗೆ ಕೊಟ್ಟವಳಲ್ಲ.

ಹೀಗಿರುವಾಗ ಗೌರೀಶ ಬಂದ. ಚಚಡಿಯ ಹುಡುಗ, ಮದುವೆಗಳಲ್ಲಿ ವಿಡಿಯೋ ತೆಗೆಯುವವನು. ಸವದತ್ತಿಯ ಒಂದು ಮದುವೆಯಲ್ಲಿ ಮದುಮಗಳು ಹೇಳಿದ ಒಡಪು ಕೇಳುತ್ತ ನಿಂತವನು ಕ್ಯಾಮೆರಾ ಚಾಲು ಮಾಡುವುದನ್ನೇ ಮರೆತಿದ್ದ. ಮದುಮಗಳಿಂದ ಮತ್ತೊಮ್ಮೆ ಹೇಳಿಸಿ ಎಲ್ಲರಿಂದ ಬೈಸಿಕೊಂಡು, ಕಟ್ಟಿದವರು ಯಾರೆಂದು ಕೇಳಿಕೊಂಡು ಮುನವಳ್ಳಿಗೆ ಬಂದ. ಬಂದವನಿಗೆ ಹೇಳಲು ಕಾರಣ ಬೇಕಲ್ಲ.

"ರೊಟ್ಟಿ ಬೇಕಾಗಿತ್ರಿ," ಎಂದ.

"ಎಷ್ಟ ಬೇಕ್ರಿ?"

"ಎಷ್ಟ ಅದಾವ?"

ಇದ್ದಷ್ಟನ್ನೂ ಕಟ್ಟಿಸಿಕೊಂಡು ಹೋದ. ಮರುವಾರ ಮತ್ತೆ ಬಂದ. ಚನ್ನವ್ವನಿಗೆ ಅನುಮಾನ ಬಂತು. "ಏನಪಾ ತಮ್ಮಾ, ನಿಮ್ಮ ಮನ್ಯಾಗ ಅಷ್ಟ ಮಂದಿ ಅದೀರೇನು?" ಎಂದು ಕೇಳಿದಳು. "ನಾನು, ನಮ್ಮವ್ವ ಇಬ್ಬರರೀ," ಎಂದವನು ನಾಲಿಗೆ ಕಚ್ಚಿಕೊಂಡ. ಒಲೆಯ ಹೊಗೆಯಲ್ಲಿ ಗಂಗಾ ಮುಖ ತಿರುಗಿಸಿ ನಕ್ಕಳು. ಆ ನಗುವಿನೊಳಗೇ ಅವಳು ಸೋತದ್ದು.

ಮುಂದೆ ಫೋನಿನಲ್ಲಿ ಮಾತು ಬೆಳೆಯಿತು. "ಊರ ಮಂದಿಗೆಲ್ಲ ಕಟ್ಟತೀ, ನನ್ನ ಹೆಸರಿಗೊಂದು ಕಟ್ಟಲಾ," ಎಂದು ಒಂದು ದಿನ ಅವನೇ ಕೇಳಿದ.

"ಯಾರ ಹೇಳಾಕಂತ?"

"ಕಟ್ಟಿದವರ ಹೇಳ್ಲಿ."

ಗಂಗಾ ಆ ವಾರ ಬೇರೆ ಯಾರಿಗೂ ಒಡಪು ಕಟ್ಟಲಿಲ್ಲ. ತಾನೇ ಹೇಳಬೇಕಾದ ಒಡಪು, ತಾನೇ ದಾಟಬೇಕಾದ ಹೊಸ್ತಿಲು. ಕಡೆಗೆ ಅದು ಹೀಗೆ ಕೂಡಿ ಬಂತು:

ಬಿಳಿಜ್ವಾಳದ ತೆನಿಮ್ಯಾಲ ಬೆಳದಿಂಗಳ ತೂಕ,
ಮಲಪ್ರಭಾ ದಂಡಿಮ್ಯಾಲ ಬೆಳ್ಳಕ್ಕಿ ಲೋಕ,
ಊರೆಲ್ಲ ಕರದರ ನಾ ಓ ಅನ್ನಲ್ಯಾಕ,
ಗೌರೀಶರ ದನಿ ಒಂದ ಕಿವಿಗೆ ಸಾಕ.

ಅವನಿಗೆ ಮೊದಲಿನ ಮೂರು ಸಾಲು ಹೇಳಿ, ಹೆಸರಿನ ಸಾಲಿಗೆ ಬಂದಾಗ ಬಾಯಿ ಮುಚ್ಚಿಕೊಂಡಳು. "ಕಡೀದು?" ಎಂದು ಅವನು ಗೋಗರೆದ. "ಅದನ್ನ ನಿಮ್ಮ ಬಾಗಿಲಾಗ ಹೇಳತೇನಿ," ಎಂದಳು.

ಆದರೆ ಆ ಬಾಗಿಲಿನ ತನಕ ಹೋಗುವುದು ಹೇಗೆ? ಹೆಣ್ಣಿನ ಕಡೆಯವರು ತಾವಾಗಿ ಹೋಗಿ ಕೇಳಿದರೆ ಹಗುರಾಗುತ್ತಾರೆಂಬ ಅಂಜಿಕೆ ಚನ್ನವ್ವನಿಗೆ. ನಡುವೆ ಒಬ್ಬರು ಹೋಗಿ ಮಾತು ತೇಲಿಬಿಟ್ಟು, ಗಂಡಿನ ತಾಯಿಯ ಮನಸ್ಸು ತಿಳಿದು ಬರಬೇಕು. ಗಂಗಾಳಿಗೆ ತಟ್ಟನೆ ನೆನಪಾದವಳು ಪ್ರಣಿತಾ. ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಶಾಲೆಗೆ ಹೋದವರು. ಒಬ್ಬರ ತಲೆ ಇನ್ನೊಬ್ಬರು ಬಾಚಿದವರು. ಪ್ರಣಿತಾಳ ಸೋದರತ್ತೆಯ ಮನೆ ಚಚಡಿಯಲ್ಲಿ ಗೌರೀಶನ ಮನೆಯ ಬೆನ್ನಿಗೇ ಇತ್ತು.

"ನಾ ಹೋಗಿ ಮುಗಿಸ್ಕೊಂಡ ಬರತೇನಿ ಬಿಡ," ಎಂದಳು ಪ್ರಣಿತಾ. "ಆದ್ರ ನಿನ್ನ ಬಗ್ಗೆ ಏನಂತ ಹೇಳ್ಲಿ? ಕರ್ರಗ ಅದಾಳ, ರೊಟ್ಟಿ ಬಡಿತಾಳ ಅಂತ ಹೇಳ್ಲ್ಯಾ?"

"ಹೇಳ. ಕೋತಿಯಂಥಾ ಗೆಳತಿ ಅದಾಳಂತನೂ ಹೇಳ."

ಇಬ್ಬರೂ ನಕ್ಕರು. ಆಮೇಲೆ ಗಂಗಾ ತಗ್ಗಿದ ದನಿಯಲ್ಲಿ ಆ ಒಡಪನ್ನು ಗೆಳತಿಗೆ ಪೂರ್ತಿ ಹೇಳಿಕೊಟ್ಟಳು. "ಹುಡುಗೀಗೆ ಏನ ಬರ್ತೈತಿ ಅಂತ ಅವರವ್ವ ಕೇಳಿದ್ರ ಇದನ್ನ ಹೇಳ. ಇದನ್ನ ಕೇಳಿದ್ರ ಒಲ್ಲೆ ಅನ್ನೂದಿಲ್ಲ."

ಪ್ರಣಿತಾ ಬಸ್ಸು ಹತ್ತಿ ಹೋದಳು. ಮರುದಿನ ಬಂದವಳು ಬಾಗಿಲಲ್ಲೇ ನಿಂತು, "ಸುಗ್ಗಿ ಮುಗೀಲಿ, ಹೇಳತೇವಿ ಅಂದ್ರವಾ," ಎಂದಳು. ಕುಳಿತುಕೋ ಎಂದರೆ ಕೆಲಸವಿದೆ ಎಂದು ಹೋದಳು. ಗಂಗಾ ಗುಡ್ಡದ ಕಡೆ ತಿರುಗಿ ಕೈಮುಗಿದಳು. ಒಲ್ಲೆ ಅಂದಿಲ್ಲವಲ್ಲ ಎಂದುಕೊಂಡಳು.

ಗೌರೀಶನಿಗೆ ಫೋನು ಮಾಡಿದರೆ, "ಅವತ್ತ ನಾ ಮನ್ಯಾಗ ಇರಲಿಲ್ಲ. ರಾಮದುರ್ಗದಾಗ ಮದುವಿ ವಿಡಿಯೋ ಇತ್ತು. ಅವ್ವ ಏನಂದ್ಲೋ ಗೊತ್ತಿಲ್ಲ, ಕೇಳಿ ಹೇಳತೇನಿ," ಎಂದ. ಆಮೇಲೆ ಅವನು ರೊಟ್ಟಿಗೆ ಬರುವುದು ನಿಂತಿತು. ಮದುವೆಯ ಸೀಸನ್ ಅಲ್ಲವೇ, ಬಿಡುವಿರಲಿಕ್ಕಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಂಬಿದ ಜೀವ ಎದುರಿನವರ ಸುಳ್ಳಿಗೆ ತಾನೇ ಕಾರಣ ಹುಡುಕಿ ಕೊಡುತ್ತದೆ.

ಸುಗ್ಗಿ ಮುಗಿಯಿತು. ಸುದ್ದಿ ತಂದವಳು ನೆರೆಮನೆಯ ಬಾಯವ್ವ. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕಟ್ಟೆಗೆ ಕೂತು, "ಏನ ಗಂಗಾ, ನಿನ್ನ ಗೆಳತಿ ಲಗ್ನ ಗೊತ್ತಾದ್ರೂ ನಮಗೊಂದ ಪೇಢಾ ಇಲ್ಲಲ್ಲವಾ! ಚಚಡಿಗಂತ. ಹುಡುಗ ವಿಡಿಯೋ ತಗಿತಾನಂತ. ಹುಡುಗನ ಅವ್ವ ತಾನ ಉಡಿ ತುಂಬಿ ಕಳಿಸ್ಯಾಳಂತ, ಯಾವಾಗೋ," ಎಂದಳು.

ಗಂಗಾಳ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಮಡಚಿ ಬಿತ್ತು. ಚನ್ನವ್ವ ಮಗಳ ಮುಖ ನೋಡಿ, ಬಾಯವ್ವನಿಗೆ ಚಹಾ ಕೂಡ ಕೇಳದೆ ಕಳಿಸಿದಳು.

ಗಂಗಾ ಹಿಟ್ಟಿನ ಕೈಯಲ್ಲೇ ಪ್ರಣಿತಾಳ ಮನೆಗೆ ಹೋದಳು. ಪ್ರಣಿತಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನೋಡಿದವಳೇ ಕೈಯಲ್ಲಿದ್ದ ಸೀರೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದಳು.

"ಖರೇನ?" ಗಂಗಾ ಕೇಳಿದಳು.

"ನಾ ಬೇಕಂತ ಮಾಡಲಿಲ್ಲ ಗಂಗಾ, ಎಲ್ಲವ್ವನ ಆಣಿ. ಒಡಪು ಬರ್ತಾವೇನಂತ ಕೇಳಿದ್ಲು ಅವರವ್ವ ಸಾವಂತ್ರೆವ್ವ. ನಿಂದು ಹೇಳಿದೆ. ಹೆಸರ ಹಚ್ಚಿ ಹೇಳಿದೆ. ಹೇಳಿ ಮುಗಿಸೂದ್ರಾಗ ಅಕಿ ಒಳಗ ಹೋಗಿ ಅಕ್ಕಿ, ಕೊಬ್ಬರಿ ಬಟ್ಲಾ, ಕುಬಸದ ಖಣಾ ಎಲ್ಲಾ ತಂದ ಉಡಿ ತುಂಬಾಕ ಹತ್ತಿದ್ಲು."

ಲಗ್ನವಾಗದ ಹುಡುಗಿ ಒಬ್ಬನ ಹೆಸರನ್ನು ಅವನ ತಾಯಿಯ ಎದುರಿಗೇ ಒಡಪಿನಲ್ಲಿ ಹೇಳಿದರೆ ಏನರ್ಥ? ತಾನೇ ಸೊಸೆಯಾಗಲು ಬಂದಳೆಂದು ಆ ತಾಯಿ ತಿಳಿದದ್ದು ತಪ್ಪಲ್ಲ. ನಮ್ಮ ಕಡೆಯ ಯಾವ ತಾಯಿಯಾದರೂ ಹಾಗೆಯೇ ತಿಳಿಯುತ್ತಿದ್ದಳು.

"ನಂದಲ್ಲ, ನನ್ನ ಗೆಳತೀದು ಅಂತ ಅನ್ನಾಕ ಬಾಯಿ ಇರಲಿಲ್ಲೇನ?"

"ಅನ್ನಬೇಕಂದೆ." ಪ್ರಣಿತಾ ನೆಲ ನೋಡಿದಳು. "ಆದ್ರ ಯಾರೂ ನನ್ನ ಹಂಗ ನೋಡಿರಲಿಲ್ಲ ಗಂಗಾ. ಎಷ್ಟ ಮಂದಿ ನನ್ನ ನೋಡಾಕ ಬಂದ ಚೂಡಾ ತಿಂದ ಹೋದ್ರು ನಮ್ಮ ಮನ್ಯಾಗ, ನಿನಗ ಗೊತ್ತಿಲ್ಲೇನ? ಅಕಿ ನನ್ನ ಗದ್ದ ಹಿಡದ, ನಮ್ಮನಿ ಲಕ್ಷ್ಮಿ ಅಂದ್ಲು. ಬಾಯಿ ಬರಲಿಲ್ಲ."

"ಬಂದ ಮ್ಯಾಲೂ ಬರಲಿಲ್ಲ? ಸುಗ್ಗಿ ಮುಗಿಯೂಮಟ?"

ಪ್ರಣಿತಾ ಈಗ ತಲೆ ಎತ್ತಿದಳು. ಅಂಜಿಕೆ ಹೋಗಿ ಮೊಂಡುತನ ಬಂದಿತ್ತು. "ತುಂಬಿದ ಉಡಿ ಚೆಲ್ಲಾಕ ಬರ್ತೈತೇನ? ಊರಾಗ ಎಲ್ಲಾರಕಿಂತ ದೇವರು ದಿಂಡರು ಅನ್ನಾಕಿ ನೀನು. ನೀನ ಹೇಳ, ಚೆಲ್ಲ್ಯಾ?"

ಉಡಿಯೆಂದರೆ ತಾಯಿ ಎಲ್ಲವ್ವನ ಪ್ರಸಾದ, ಚೆಲ್ಲೆಂದು ಗಂಗಾ ಹೇಳುವಳೇ? ಗೆಳತಿ ಅಡಗಿಕೊಂಡಿದ್ದು ಅವಳ ಭಕ್ತಿಯ ಹಿಂದೆಯೇ. ಹೊರಟವಳಿಗೆ ಹಿಂದಿನಿಂದ ಮಾತು ಕೇಳಿತು: "ಮದುವೀಗೆ ಬರತೀ ಹೌದಿಲ್ಲೋ? ನೀ ಬರದಿದ್ರ ಮಂದಿ ಏನಂತಾರ?"

ಆಮೇಲೆ ಗೌರೀಶನ ಫೋನು ಬಂತು. ದನಿ ಬಹಳ ಮೆತ್ತಗಿತ್ತು. "ನಾ ಮನ್ಯಾಗ ಇದ್ದಿದ್ರ ಹಿಂಗ ಆಗ್ತಿರಲಿಲ್ಲ ಗಂಗಾ. ರಾಮದುರ್ಗದಿಂದ ಬರೂದ್ರಾಗ ಎಲ್ಲಾ ಮುಗದಿತ್ತು. ಅವ್ವನ ಮಾತ ಹೆಂಗ ಮೀರ್ಲಿ?" ಎಂದ. ಅವಳು ಅತ್ತಳು. ಅವನೂ ಅತ್ತ ಹಾಗೆ ಕೇಳಿಸಿತು. ಗೆಳತಿ ಹೋದಳು, ಲಗ್ನ ಹೋಯಿತು; ಆದರೆ ಅವನು ಮೋಸ ಮಾಡಿಲ್ಲ, ವಿಧಿ ಅವನನ್ನೂ ಸಿಕ್ಕಿಸಿತು ಎಂಬುದೊಂದು ಅವಳಿಗೆ ಉಳಿದಿತ್ತು. ಅಷ್ಟರ ಮೇಲೆ ಬದುಕಿಬಿಡಬಹುದೆಂದು ಅವಳಿಗೆ ಅನ್ನಿಸಿತ್ತು.

ಮದುವೆ ಹತ್ತಿರ ಬಂತು. ಒಂದು ಸೋಮವಾರ ಮಧ್ಯಾಹ್ನ, ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಒಡಪಿನ ಗಂಗವ್ವನ ಮನಿ ಇದ ಏನ್ರಿ?" ಎಂದಳು.

"ಹೌದ್ರಿ, ಬರ್ರಿ, ಕುಂತ್ಕೋರ್ರಿ," ಎಂದಳು ಚನ್ನವ್ವ.

"ನಾ ಚಚಡಿ ಸಾವಂತ್ರೆವ್ವ. ಗೌರೀಶನ ತಾಯಿ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಸಾವಂತ್ರೆವ್ವ ಅದೊಂದನ್ನೂ ಗಮನಿಸದೆ ಕಂಬಕ್ಕೆ ಒರಗಿ ಕೂತಳು. ನೀರು ಕುಡಿದು, ಸಾಲಾಗಿ ಆರಹಾಕಿದ ರೊಟ್ಟಿ ನೋಡಿ ನಕ್ಕಳು. "ಇಲ್ಲಿಂದನ ಏನ ಅವು! ತಪ್ಪ ತಿಳೀಬ್ಯಾಡ್ರಿ ಮತ್ತ, ನಮ್ಮ ಗೌರೀಶ ಕಟ್ಟಗಟ್ಟಲೆ ತರತಿದ್ದ. ಇಬ್ಬರ ಮಂದಿ ಎಷ್ಟ ತಿನ್ನೂದು? ಎಮ್ಮಿ ತಿಂದ ದಪ್ಪ ಆತು."

ಚನ್ನವ್ವ ನಗಬೇಕೋ ಅಳಬೇಕೋ ತಿಳಿಯದೆ ಚಹಾ ಮಾಡಲು ಒಳಗೆ ಹೋದಳು.

"ಬಂದ ಕೆಲಸ ಹೇಳತೇನಿ ತಂಗಿ. ಸೊಸಿಗೆ ಹೊಸಾದೊಂದ ಒಡಪು ಬೇಕು. ಅಕಿ ಬಾಯಾಗ ಒಂದ ಐತಿ, ಅದನ್ನ ಆಗಲೇ ಕೇಳೇವಿ. ಗಂಡನ ಮನಿಯಿಂದ ನನ್ನ ಮಗಳು ಬಂದಾಳ, ಬಾಗಿಲಾಗ ಬಿಡೂದಿಲ್ಲ, ಹಳೇದು ನಡ್ಯೂದಿಲ್ಲ ಅಂತಾಳ. ಮೊದಲಿಂದು ನೀನ ಕಟ್ಟಿದ್ದಂತ? ಏನ ಚಂದ ಕಟ್ಟೀದಿ ಯವ್ವಾ! ಬೆಳದಿಂಗಳ ತೂಕ ಅಂತ. ತನ್ನ ಸಲುವಾಗಿ ಗೆಳತಿ ಕಟ್ಟಿಕೊಟ್ಟಾಳ ಅಂತ ಪ್ರಣಿತಾ ಹೇಳಿದ್ಲು."

ಗಂಗಾ ಸುಳ್ಳು ಹೇಳಿ ರೂಢಿಯಿದ್ದವಳಲ್ಲ. ದನಿ ಏರಿಸಲಿಲ್ಲ. "ಅಕಿ ಸಲುವಾಗಿ ಕಟ್ಟಿದ್ದಲ್ರಿ. ನನ್ನ ಸಲುವಾಗಿ ಕಟ್ಕೊಂಡಿದ್ದು. ನನ್ನ ಕೇಳಾಕಂತ ಅಕೀನ್ನ ನಿಮ್ಮ ಮನೀಗೆ ನಾನ ಕಳಿಸಿದ್ದೆ," ಎಂದಳು.

ಸಾವಂತ್ರೆವ್ವ ಕೊರಳಿನ ಲಿಂಗದ ಮೇಲೆ ಕೈಯಿಟ್ಟು ಕೂತಳು. ಅವಳ ಮುಖದಲ್ಲಿ ಮೊದಲು ಬೆರಗು, ಆಮೇಲೆ ನಾಚಿಕೆ, ಆಮೇಲೆ ಸಿಟ್ಟು ಒಂದೊಂದಾಗಿ ಬಂದವು.

"ಹಂಗಾದ್ರ ನಾ ಬ್ಯಾರೆದಾಕಿ ಉಡಿ ತುಂಬಿದೆ," ಎಂದಳು. "ಯಾರ ಏನರ ಅನ್ಲಿ, ಈ ಲಗ್ನ ಬಿಡಿಸ್ತೇನಿ. ತುಂಬಿದ ಕೈ ನಂದು, ದೇವರ ಮುಂದ ತಪ್ಪ ಕಾಣಿಕಿ ನಾ ಕಟ್ಟತೇನಿ. ನೀ ಹೂಂ ಅನ್ನು ಮಗಳ. ಇವತ್ತ ಹೂಂ ಅನ್ನು."

ಒಳಗೆ ಚನ್ನವ್ವನ ಕೈಯ ಸೌಟು ನಿಂತಿತು. ಇಷ್ಟು ದಿನ ಕಣ್ಣೀರಿಟ್ಟು ಬೇಡಿದ ಬಾಗಿಲು ತಾನಾಗಿ ಬಂದು ಎದುರಿಗೆ ಕೂತಿದೆ. ಹೂಂ ಎನ್ನಲು ಗಂಗಾ ತುಟಿ ತೆರೆದಳು ಕೂಡ. ಅಷ್ಟರಲ್ಲಿ ಸಾವಂತ್ರೆವ್ವ ತನ್ನಷ್ಟಕ್ಕೆ ತಾನೇ ಗೊಣಗಿದಳು:

"ನನ್ನ ಮಗ ಆ ಹುಚ್ಚಪ್ಯಾಲಿ ಬಾಯಿ ಬಿಡಬೇಕಲ್ಲ. ಪಡಸಾಲ್ಯಾಗ ಅಲ್ಲೇ ಕುಂತಿದ್ದ. ಒಡಪು ಕೇಳಿ ಹಲ್ಲ ಕಿಸದ ನಕ್ಕ. ಅವಂಗ ಪಸಂದ ಐತಿ ಅಂತ ತಿಳದ ನಾ ಖಣಾ ತಂದೆ."

"ಯಾವತ್ತ್ರಿ?"

"ಅವತ್ತ. ಪ್ರಣಿತಾ ಬಂದ ದಿನ."

"ರಾಮದುರ್ಗಕ್ಕ ಹೋಗಿರಲಿಲ್ರಿ?"

"ಎಲ್ಲೀ ರಾಮದುರ್ಗ ತಂಗಿ? ಜ್ವರಾ ಬಂದ ಮನ್ಯಾಗ ಕೌದಿ ಹೊಚ್ಕೊಂಡ ಕುಂತಿದ್ದ. ನಾನ ಕಷಾಯ ಮಾಡಿ ಕೊಟ್ಟೀನಿ."

ಮೂರು ಸಾಲು ಅವನ ಕಿವಿಗೆ ಹಾಕಿದವಳು ಗಂಗಾಳೇ. ಅವು ಯಾರವು ಎಂದು ಅವನಿಗೆ ಗೊತ್ತಿತ್ತು. ನಾಲ್ಕನೆಯ ಸಾಲನ್ನು ಬೇರೆಯವಳು ಹೇಳಿದಾಗ, ಹೇಳುವವಳು ತುಸು ಬೆಳ್ಳಗಿದ್ದಳು, ನಗುತ್ತಿದ್ದಳು, ಎದುರಿಗೇ ನಿಂತಿದ್ದಳು. ಅವನೂ ನಕ್ಕ. ಅಷ್ಟೇ ನಡೆದದ್ದು. ಅದಕ್ಕೆ ವಿಧಿಯ ಹೆಸರೇಕೆ?

"ಬ್ಯಾಡ್ರಿ ಯವ್ವಾ," ಎಂದಳು ಗಂಗಾ.

"ಏನ ಬ್ಯಾಡ?"

"ಬಿಡಿಸಬ್ಯಾಡ್ರಿ. ನೀವು ನಂಬಿ ತುಂಬೀರಿ, ನಿಮ್ಮ ಕೈಯಾಗ ತಪ್ಪಿಲ್ಲ. ಅವರಿಬ್ಬರೂ ಎಲ್ಲಾ ಗೊತ್ತಿದ್ದ ಕೂಡ್ಯಾರ. ಕೂಡಿ ಇರ್ಲಿ. ಒಡಪು ಮಾತ್ರ ನನ್ನ ಕಡೆ ಇಲ್ರಿ."

ಸಾವಂತ್ರೆವ್ವ ಎದ್ದಳು. ಏನೋ ಹೇಳಲು ಹೋಗಿ, ಗಂಗಾಳ ತಲೆಯ ಮೇಲೆ ಕೈಯಿಟ್ಟು, ಚಹಾ ಕುಡಿಯದೆಯೇ ಮೆಟ್ಟಿಲಿಳಿದಳು. ಚನ್ನವ್ವ ಕಪ್ಪು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. "ಹೂಂ ಅನ್ನಬೇಕಿತ್ತಲ್ಲ ಹುಚ್ಚಿ," ಎಂದಳು ಕಡೆಗೆ, ಬಯ್ಗುಳವಿಲ್ಲದ ದನಿಯಲ್ಲಿ.

ಸಂಜೆಯ ಪೂಜೆಗೆ ಕೂರುವ ಮೊದಲು ಫೋನು ಬಂತು. ಗೌರೀಶ.

"ಗಂಗಾ, ಅವ್ವ ಬಂದಿದ್ಲಂತ? ಏನ ಹೇಳಿದಿ ಅಕಿಗೆ? ಬಂದಾಗಿಂದ ನನ್ನ ಕೂಡ ಮಾತಾಡವಲ್ಲಳು."

"ಒಂದ ಮಾತ ಕೇಳತೇನಿ. ಪ್ರಣಿತಾ ಬಂದ ದಿನ ನೀವು ಎಲ್ಲಿದ್ರಿ?"

ಆ ಕಡೆ ಎಮ್ಮೆ ಕೂಗಿದ್ದು, ಯಾರೋ ಕೊಡ ಇಳಿಸಿದ್ದು, ಅವನು ಉಸಿರು ಎಳೆದುಕೊಂಡದ್ದು ಎಲ್ಲವೂ ಅವಳಿಗೆ ಕೇಳಿಸಿತು.

"ಹಲೋ? ಹಲೋ ಗಂಗಾ? ನೆಟ್‌ವರ್ಕ್ ಇಲ್ಲ ಇಲ್ಲಿ. ಏನೂ ಕೇಳವಲ್ದು. ಹಲೋ?"

ಅವನ ದನಿ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ವಚ್ಛವಾಗಿತ್ತು. ಅವನು ಇನ್ನೂ ಹಲೋ ಹಲೋ ಎನ್ನುತ್ತಿರುವಾಗಲೇ ಗಂಗಾ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.