ಹೆಸರು ಓದುವಷ್ಟು ಹೊತ್ತು

ಸೋಮವಾರ ಸಂಜೆಯಾದರೆ ಹಾಲಿವುಡ್ಡಿನ ಆ ನಾಟಕಶಾಲೆಯಲ್ಲಿ ಸಿನಿಮಾ ನಟರು ಮೈಕಿನ ಮುಂದೆ ನಿಂತು ರೇಡಿಯೋಗೆ ನಾಟಕ ಓದುತ್ತಿದ್ದರು. ಖರ್ಚು ಸೋಪಿನ ಕಂಪನಿಯದು. ವಾರಕ್ಕೊಂದು ಕತೆ, ವಾರಕ್ಕೊಬ್ಬ ತಾರೆ. ತಾರೆಯ ಹೆಸರು ಮೊದಲಲ್ಲೂ ಬರುತ್ತಿತ್ತು, ಕೊನೆಯಲ್ಲೂ ಬರುತ್ತಿತ್ತು, ನಡುವೆ ಸೋಪಿನ ಜೊತೆಗೂ ಬರುತ್ತಿತ್ತು. ಉಳಿದವರ ಹೆಸರು ಓದುತ್ತಿದ್ದುದು ನಾಟಕ ಮುಗಿದು ಹೊತ್ತು ಮಿಕ್ಕಿದರೆ ಮಾತ್ರ.

ಹೆಸ್ಟರ್ ಬ್ರಾಂಡ್‌ವೋಲ್ಡಳ ಪಾಲಿಗೆ ಹೊತ್ತು ಎಂದೂ ಮಿಕ್ಕಿರಲಿಲ್ಲ. ನಲವತ್ತು ದಾಟಿದ ಈ ಹೆಂಗಸು ಈ ನಾಟಕಗಳಲ್ಲಿ ಮಗುವಿನಂತೆ ಅಳುವುದರಲ್ಲಿ ಎತ್ತಿದ ಕೈ. ಹಸಿವಿನ ಅಳು, ಹಲ್ಲು ಬರುವಾಗಿನ ಅಳು, ಬರೀ ಹಟದ ಅಳು. ಸಣ್ಣ ದಿಂಬಿಗೆ ಬಾಯಿಟ್ಟು ಅವಳು ಅತ್ತರೆ ಸಭೆಯಲ್ಲಿ ಕೂತ ತಾಯಂದಿರು ತಮ್ಮ ಮಡಿಲು ನೋಡಿಕೊಳ್ಳುತ್ತಿದ್ದರು.

ಅವತ್ತು ಬೆಳಿಗ್ಗೆ ನೆಬ್ರಾಸ್ಕಾದಿಂದ ಅವಳ ತಾಯಿ ಫೋನು ಮಾಡಿದ್ದಳು.

"ಇವತ್ತು ಪಾದ್ರಿಗಳ ಮನೇಲಿ ಕೂತು ಕೇಳ್ತೀವಿ. ಚರ್ಚಿನ ಹೆಂಗಸರೆಲ್ಲ ಬರ್ತಾರೆ. ಹೋದ ಸಲ ಕೊನೇತನಕ ಕಾದೆ. ಸೋಪಿನ ಹಾಡು ಬಂತು, ನೀನು ಬರ್ಲಿಲ್ಲ."

"ಹೊತ್ತು ಮೀರಿತ್ತಮ್ಮ. ನಾನು ಅತ್ತಿದ್ದು ಕೇಳಿಸ್ಲಿಲ್ವಾ?"

"ಯಾವ್ದೋ ಮಗು ಅತ್ತಿತು. ಅದು ನನ್ನ ಮಗಳು ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನು ಅಲ್ಲೆಲ್ಲೋ ಹೋಟ್ಲಲ್ಲಿ ತಟ್ಟೆ ತೊಳೀತಿದ್ದೀಯ ಅಂತಾಳೆ ನಮ್ಮ ಚರ್ಚಿನ ಆ ಸೆಲ್ಮಾ. ಈ ಸಲಾನೂ ಹೆಸರು ಬರ್ಲಿಲ್ಲ ಅಂದ್ರೆ ನಿನ್ನ ಸುದ್ದೀನೇ ನಾನು ಎತ್ತಲ್ಲ, ಹೆಸ್ಟರ್. ಸುಳ್ಳಿ ಅನ್ನಿಸ್ಕೊಂಡು ಚರ್ಚಲ್ಲಿ ಹೇಗೆ ಕೂರ್ಲಿ?"

ಅವಳ ಗ್ರಹಚಾರಕ್ಕೆ ಆ ವಾರದ ತಾರೆ ರೋಲಂಡ್ ಥೇನ್. ಅವನ ಹೆಚ್ಚುಗಾರಿಕೆಯೆಲ್ಲ ಮೌನದಲ್ಲಿತ್ತು. ತೆರೆಯ ಮೇಲೆ ಅವನು ಮಾತು ನಿಲ್ಲಿಸಿ ಒಂದು ಹುಬ್ಬು ಏರಿಸಿದರೆ ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಉಸಿರು ಬಿಗಿಹಿಡಿಯುತ್ತಿತ್ತು. ಆದರೆ ರೇಡಿಯೋದಲ್ಲಿ ಹುಬ್ಬು ಕೇಳಿಸುವುದಿಲ್ಲ.

"ನಿಲ್ಲಬೇಡಿ ಸ್ವಾಮಿ," ಎಂದು ನಿರ್ದೇಶಕ ಕೆಸ್ಲರ್ ತಾಲೀಮಿನಲ್ಲಿ ಬೇಡಿಕೊಂಡ, ಕೈಮುಗಿಯುವುದೊಂದು ಬಾಕಿ. "ನೀವು ಸುಮ್ಮನಾದ್ರೆ, ರೇಡಿಯೋ ಕೆಟ್ಟಿತು ಅಂತ ಜನ ಅದರ ತಲೆಮೇಲೆ ಗುದ್ದುತ್ತಾರೆ."

"ಪಾತ್ರ ಇರೋದೇ ಮೌನದಲ್ಲಿ ಕಣಯ್ಯ."

"ಹಾಗಾದ್ರೆ ಕೊನೇಲಿ ಹೆಸರುಗಳ್ನ ಬಿಟ್ಟುಬಿಡ್ತೀನಿ. ಇನ್ನೇನು ಮಾಡ್ಲಿ?"

ಸದ್ದಿನ ಕೆಲಸದ ಓಟಿಸ್ ಹೆಜ್ಜೆಯ ಸದ್ದಿಗೆಂದು ಇಟ್ಟ ಮರಳಿನ ತಟ್ಟೆಯಲ್ಲಿ ಬೂಟುಗಾಲು ಒತ್ತಿ ನೋಡುತ್ತ ಹೆಸ್ಟರಳ ಕಡೆ ವಾಲಿದ. "ನಮ್ಮ ಹೆಸರು ಇವತ್ತೂ ಸಮುದ್ರದ ಪಾಲು, ಅಕ್ಕಾ."

ನಾಟಕ ಶುರುವಾಯಿತು. ಹಡಗು ಕಳೆದುಕೊಂಡ ಕಪ್ತಾನನೊಬ್ಬ ಮನೆಗೆ ಬರುತ್ತಾನೆ, ತಾನು ಕಂಡಿರದ ಮಗುವಿನ ತೊಟ್ಟಿಲ ಬಳಿ ನಿಲ್ಲುತ್ತಾನೆ. ಥೇನ್, "ಇವಳಿಗೆ ನನ್ನ ಕಣ್ಣು," ಎಂದವನು ನಿಂತೇಬಿಟ್ಟ. ಪದ್ಯ ಓದುವವರು ಸಾಲಿನ ನಡುವೆ ಉಸಿರಿಗೆ ನಿಲ್ಲುವ ಹಾಗಲ್ಲ. ಎದ್ದು ಊಟಕ್ಕೆ ಹೋದ ಹಾಗೆ. ಗಾಜಿನ ಕೋಣೆಯೊಳಗಿಂದ ಕೆಸ್ಲರ್ ಬೆರಳನ್ನು ಗಾಣದಂತೆ ಸುತ್ತಿಸಿ ಬೇಗ ಬೇಗ ಎಂದು ಸನ್ನೆ ಮಾಡಿದ. ಥೇನ್ ಕಣ್ಣು ಮುಚ್ಚಿಕೊಂಡಿದ್ದ.

ದೇವರೇ, ಇವನ ಬಾಯಿಗೆ ಮಾತು ಕೊಡು, ಎಂದು ಹೆಸ್ಟರ್ ಮನಸ್ಸಿನಲ್ಲೇ ಬೇಡಿದಳು. ದೇವರೂ ಆ ಮೌನವನ್ನು ಕೇಳುತ್ತ ಕೂತಿದ್ದನೋ ಏನೋ. ಅವಳು ದಿಂಬು ಎತ್ತಿ ಅತ್ತಳು.

ಹಾಳೆಯಲ್ಲಿ ಅಲ್ಲಿ ಅಳು ಇರಲಿಲ್ಲ. ಥೇನ್ ಬೆಚ್ಚಿ ಮುಂದಿನ ಮಾತು ಹಿಡಿದ. ಸ್ವಲ್ಪದರಲ್ಲೇ ಮತ್ತೆ ನಿಂತ. ಮಗು ಮತ್ತೆ ಅತ್ತಿತು, ಈ ಸಲ ಹಲ್ಲು ಬರುವ ಅಳು. "ಈ ಹುಡುಗಿಗೆ ಅಪ್ಪ ಸುಮ್ಮನಿದ್ದರೆ ಆಗೋದಿಲ್ಲ ಅಂತ ಕಾಣುತ್ತೆ," ಎಂದು ಥೇನ್ ತನ್ನದೇ ಮಾತು ಸೇರಿಸಿದ. ಸಭೆ ನಕ್ಕಿತು. ಕೆಸ್ಲರನ ಬೆರಳು ಸುತ್ತುವುದನ್ನು ಬಿಟ್ಟಿತು.

ಕೊನೆಯ ಅಂಕ ನ್ಯಾಯಾಲಯದ್ದು. ನ್ಯಾಯಾಲಯದಲ್ಲಿ ಮಗುವಿಲ್ಲ. ಇದು ಥೇನನಿಗೂ ಗೊತ್ತಿತ್ತು. "ನಾನು ತಪ್ಪು ಮಾಡಿದೆನೇ?" ಎಂದು ನಿಲ್ಲಿಸಿ, ಅವಳ ಕಡೆ ತಿರುಗಿ, ಮೆಲ್ಲಗೆ ಹುಬ್ಬು ಏರಿಸಿದ. ಈಗ ಅಳು ನೋಡೋಣ, ಎನ್ನುತ್ತಿತ್ತು ಹುಬ್ಬು.

ಇಲ್ಲಿ ಅತ್ತರೆ ಕತೆಯೇ ಕೆಟ್ಟು ಕೂರುತ್ತದೆ. ನಾಳೆಯಿಂದ ಕೆಲಸವೂ ಇಲ್ಲ. ಗಡಿಯಾರದ ಮುಳ್ಳು ಓಡುತ್ತಿತ್ತು. ಪಾದ್ರಿಗಳ ಮನೆಯಲ್ಲಿ ಅಮ್ಮ ಅಂಗೈಗಳನ್ನು ಹಿಸುಕುತ್ತ ಕೂತಿರಬೇಕು. ಹೆಸ್ಟರ್ ದಿಂಬನ್ನು ನಿಧಾನವಾಗಿ ಮುಖದ ಹತ್ತಿರ ತಂದಳು, ಕೆನ್ನೆ ಉಬ್ಬಿಸಿದಳು, ಎದೆ ತುಂಬ ಉಸಿರೆಳೆದಳು.

ಥೇನನ ಹುಬ್ಬು ಇಳಿಯಿತು. ಮಿಕ್ಕ ಮಾತನ್ನೆಲ್ಲ ರೈಲು ತಪ್ಪಿಹೋದೀತು ಎನ್ನುವವನಂತೆ ಓದಿ ಮುಗಿಸಿದ.

ಹೊತ್ತು ಮಿಕ್ಕಿತು. ನಿರೂಪಕ ಹೆಸರುಗಳನ್ನು ಓದಿದ, ಎಲ್ಲರದ್ದೂ. "ತೊಟ್ಟಿಲ ಮಗುವಾಗಿ, ಹೆಸ್ಟರ್ ಬ್ರಾಂಡ್‌ವೋಲ್ಡ್." ಥೇನ್ ದಾಟಿ ಹೋಗುವಾಗ ಅವಳ ದಿಂಬು ತಟ್ಟಿ, "ಪುಣ್ಯಕ್ಕೆ ನನಗೆ ಮಕ್ಕಳಿಲ್ಲ," ಎಂದ.

ಅವಳು ಕೋಟು ಹಾಕಿಕೊಳ್ಳುವಷ್ಟರಲ್ಲಿ ಫೋನು ಬಂತು.

"ಕೇಳಿಸ್ತಾಮ್ಮ?"

"ಕೇಳಿಸ್ತು. ಸೆಲ್ಮಾ ಬಾಯಿ ಮುಚ್ಕೊಂಡು ಕೇಕು ತಿಂತಿದ್ದಾಳೆ." ತಾಯಿಯ ಧ್ವನಿಯಲ್ಲಿ ಹಿಗ್ಗು ಹಿಡಿಸಲಾರದಷ್ಟಿತ್ತು. ಆಮೇಲೆ ಅದು ತಗ್ಗಿತು. "ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ಆ ಮನುಷ್ಯ ತೊಟ್ಟಿಲ ಹತ್ರ ಎಷ್ಟು ಚೆನ್ನಾಗಿ ಸುಮ್ಮನಿದ್ದ. ನಮಗೆಲ್ಲ ಕಣ್ಣಲ್ಲಿ ನೀರು. ಪಾದ್ರಿಗಳು ಕೂಡ ಕನ್ನಡಕ ತೆಗೆದ್ರು. ಅಷ್ಟು ಹೊತ್ತಿಗೆ ನೀನು ಯಾಕೆ ಕಿರುಚಿದೆ?"

ಹೆಸ್ಟರ್ ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಇನ್ನೊಂದು ಸಲ ಅವನು ಬಂದ್ರೆ, ಪೂರ್ತಿ ಮುಗಿಸೋಕೆ ಬಿಡು. ಆಮೇಲೆ ಅಳು."

"ಆಗ್ಲಮ್ಮ," ಅಂದಳು ಹೆಸ್ಟರ್.