ಅಪ್ಪನ ಪ್ಯಾಂಟಿನ ಜೇಬು

ಮೇಡಂ ಲೈವ್ ಬರುತ್ತಾರೆಂದರೆ ಹಿಂದಿನ ಕೋಣೆಯಲ್ಲಿ ಮೊದಲು ನಿಲ್ಲುವುದು ಫ್ಯಾನು. ಆಮೇಲೆ ಹೊಲಿಗೆ ಯಂತ್ರಗಳು. ಫ್ಯಾನಿನ ಸದ್ದು ಮೈಕಿಗೆ ಬಿದ್ದರೆ ಕಿರಿಕಿರಿ, ಯಂತ್ರದ ಸದ್ದು ಬಿದ್ದರೆ ಮಾನವೇ ಹೋಗುತ್ತದೆ. ಯಾಕೆಂದರೆ ಪರದೆಯ ಆಚೆ, ಮುಂದಿನ ಕೋಣೆಯ ಬಿಳಿ ಗೋಡೆಗೆ ಒರಗಿ, ಹೂಕುಂಡದ ಪಕ್ಕ ಕೂತು, ಕೈಯಲ್ಲೊಂದು ಸೂಜಿ ಹಿಡಿದು ಮೇಡಂ ಜನಕ್ಕೆ ಹೇಳುತ್ತಿರುತ್ತಾರೆ: "ಒಂದೊಂದು ಚೀಲಾನೂ ನಾನೇ ಕೈಯಾರೆ ಹೊಲಿಯೋದು."

ಪರದೆಯ ಈಚೆ ಹೆಂಗಸರು ಬೆವರು ಸುರಿಸುತ್ತ, ಕುರ್ಚಿ ಕಿರುಗುಟ್ಟದ ಹಾಗೆ ಮೈ ಬಿಗಿಹಿಡಿದು ಕೂತಿರುತ್ತಾರೆ. ಕಿಟಕಿ ಇಲ್ಲವೆಂದಲ್ಲ. ಇದೆ. ಅದರ ಮುಂದೆ ರಟ್ಟಿನ ಪೆಟ್ಟಿಗೆಗಳ ಇನ್ನೊಂದು ಗೋಡೆಯೂ ಇದೆ.

"ಹೆಣ ಇಟ್ಕೊಂಡ ಮನೇಲೂ ಇಷ್ಟು ಮೌನ ಇರಲ್ಲ," ಎಂದು ಕತ್ತರಿಯಮ್ಮ ಪಿಸುಗುಟ್ಟುತ್ತಾಳೆ. ಬಟ್ಟೆ ಕತ್ತರಿಸುವ ಮುದುಕಿ ಅವಳು. ಬಟ್ಟೆಗಿಂತ ಚೆನ್ನಾಗಿ ಮಾತು ಕತ್ತರಿಸುತ್ತಾಳೆ.

ಎಲ್ಲರೂ ಮಾತಿನಮಲ್ಲಿ ಎಂದು ಕರೆಯುವ ಮಲ್ಲಿ ಮಾತ್ರ ಪರದೆಯ ಆಚೆ ಇರುತ್ತಾಳೆ. ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಲ್ಲಿ, ನೆಲದ ಮೇಲೆ. ಅವಳೂ ಹೊಲಿಯುವವಳೇ. ಆದರೆ ಮೇಡಮ್ಮಿನ ತಮ್ಮ ಎಲ್ಲೋ ವ್ಯಾಪಾರದ ಪಾಠ ಕಲಿತು ಬಂದ ಮೇಲೆ ಅವಳ ಹಣೆಬರಹ ಬದಲಾಯಿತು.

"ಈಗ ಜಾಹೀರಾತು ಯಾರೂ ನಂಬಲ್ಲ ಅಕ್ಕ," ಎಂದಿದ್ದ ಅವನು. "ಜನರ ಹತ್ರ ಅಸಲಿಯಾಗಿ ಮಾತಾಡ್ಬೇಕು. ಮನೆಯವರ ಥರ. ಯಾರು ಏನು ಬರೆದ್ರೂ ಗಂಟೆಯೊಳಗೆ ಉತ್ತರ ಹೋಗ್ಬೇಕು, ಪ್ರೀತಿಯಿಂದ. ಅಸಲಿತನವೇ ಇವತ್ತಿನ ಬಂಡವಾಳ."

ಮೇಡಮ್ಮಿಗೆ ಮಾತು ಹಿಡಿಸಿತು. ಅಸಲಿಯಾಗಿರಲು ಪುರುಸೊತ್ತು ಮಾತ್ರ ಇರಲಿಲ್ಲ. ಹೀಗಾಗಿ ಅಂಗಡಿಯ ಫೋನು ಮಲ್ಲಿಯ ಕೈಗೆ ಬಂತು. ಬರುವ ಪ್ರತಿ ಮಾತಿಗೂ ಅವಳು ಉತ್ತರ ಬರೆಯಬೇಕು, ಕೊನೆಗೆ "ನಿಮ್ಮ ಅಕ್ಕ" ಎಂದು ಹಾಕಬೇಕು. ಚೀಲಕ್ಕಿಷ್ಟು ಎಂದು ಹೊಲಿಗೆಗೆ ಕೂಲಿಯಿತ್ತು. ಮಾತಿಗೆ ಎಷ್ಟು ಎಂದು ಕೇಳಿದಾಗ ಮೇಡಂ ನಕ್ಕುಬಿಟ್ಟರು.

"ಮಾತಾಡೋಕೂ ಕೂಲಿ ಕೇಳ್ತೀಯೇನೇ? ಹೇಗೂ ಇಡೀ ದಿನ ಬಾಯಿ ಮುಚ್ಚಲ್ವಲ್ಲ ನೀನು!"

ಲೈವ್ ಇದ್ದಾಗ ಮಲ್ಲಿಗೆ ಇನ್ನೊಂದು ಕೆಲಸ. ಜನ ಕೇಳುವ ಪ್ರಶ್ನೆಗೆ ಉತ್ತರವನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಎತ್ತಿ ಹಿಡಿಯುವುದು. ಮೇಡಮ್ಮಿನ ಕಣ್ಣು ಅದನ್ನು ಓದುತ್ತಿತ್ತು, ಬಾಯಿ ಹೇಳುತ್ತಿತ್ತು. ನಡುವೆ ತಲೆಯ ಕಡೆಗೆ ದಾರಿಯಿರಲಿಲ್ಲ. ಒಮ್ಮೆ ಮೇಡಂ ಗೂನು ಹಾಕಿ ಕೂತಿದ್ದರೆಂದು ಮಲ್ಲಿ "ಬೆನ್ನು ನೆಟ್ಟಗೆ ಮಾಡಿ" ಎಂದು ಬರೆದು ಹಿಡಿದಳು. ಮೇಡಂ ಕ್ಯಾಮೆರಾ ನೋಡಿ, ಕಣ್ತುಂಬ ಮಮತೆ ತಂದುಕೊಂಡು, "ಬೆನ್ನು ನೆಟ್ಟಗೆ ಮಾಡಿ," ಎಂದರು. ನೂರಾರು ಜನ ಬೆನ್ನು ನೆಟ್ಟಗೆ ಮಾಡಿಕೊಂಡು ಹೃದಯದ ಚಿತ್ರ ಕಳಿಸಿದರು. "ಎಷ್ಟು ಕಾಳಜಿ ಅಕ್ಕ ನಿಮಗೆ!"

ಮಲ್ಲಿಗೆ ನಗು ಬಂತು. ಹಿಂದೆಯೇ ಪ್ರಶ್ನೆಯೂ ಬಂತು. ಕಾಳಜಿ ಯಾರದು, ಹೃದಯ ಯಾರಿಗೆ?

ಆ ಪ್ರಶ್ನೆ ಬೆಳೆದದ್ದು ಟೀಚರಮ್ಮನಿಂದ. ಚೀಲ ಕೊಂಡ ಗಿರಾಕಿ, ನಿವೃತ್ತರಾದ ಮೇಲೆ ಒಬ್ಬರೇ ಇದ್ದವರು. ಮೊದಲು ಬರೆದದ್ದು ಜಿಪ್ ಸಿಕ್ಕಿಹಾಕಿಕೊಳ್ಳುತ್ತದೆಂದು. ಮೇಣದಬತ್ತಿ ಉಜ್ಜಿ ಎಂದು ಮಲ್ಲಿ ಬರೆದಳು. ಜಿಪ್ ಸರಿಯಾಯಿತು, ಮಾತು ನಿಲ್ಲಲಿಲ್ಲ. "ನಿನಗಿಂತ ಎಷ್ಟು ದೊಡ್ಡವಳೋ ನಾನು. ಆದರೂ ಅಕ್ಕ ಅಂತ ಕರೆದರೆ ಹಿತ. ನನ್ನಕ್ಕ ಹೋದ ಮೇಲೆ ಹಾಗೆ ಕರೆಯೋಕೆ ಯಾರೂ ಇರಲಿಲ್ಲ," ಎಂದು ಬರೆದರು ಒಂದು ದಿನ. ತೀರಿಕೊಂಡ ಅಕ್ಕ ಹೊಲಿದುಕೊಟ್ಟ ಚೀಲವೊಂದು ಮನೆಯಲ್ಲಿದೆ, ಮುಟ್ಟಲು ಧೈರ್ಯವಿಲ್ಲ ಎಂದೂ ಬರೆದರು.

ಮಲ್ಲಿ ಅಂದು ತನ್ನ ಮನೆಯ ಮಾತು ಬಿಚ್ಚಿದಳು. ಅಪ್ಪ ತೀರಿಕೊಂಡ ವರ್ಷ ಶಾಲೆಗೆ ಚೀಲವಿರಲಿಲ್ಲ. ಅಮ್ಮ ಅಪ್ಪನ ಹಳೇ ಪ್ಯಾಂಟು ಕತ್ತರಿಸಿ ಚೀಲ ಹೊಲಿದಳು. ಪ್ಯಾಂಟಿನ ಜೇಬನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಹುಡುಗರು, "ನಿಮ್ಮಪ್ಪ ಎಲ್ಲಿ, ಚೀಲದೊಳಗಾ?" ಎಂದು ಗೇಲಿ ಮಾಡುತ್ತಿದ್ದರು. ಒಂದು ದಿನ ಸಿಟ್ಟಿನಲ್ಲಿ ಆ ಜೇಬು ಹರಿಯಲು ಕೈ ಹಾಕಿದರೆ, ತಳದಲ್ಲಿ ಪೆಪ್ಪರಮೆಂಟಿನ ಕಾಗದ. ಅಪ್ಪ ಸಂಜೆ ತರುತ್ತಿದ್ದ ಪೆಪ್ಪರಮೆಂಟು. ಅಮ್ಮ ಬೇಕೆಂದೇ ಅದನ್ನು ತೆಗೆದಿರಲಿಲ್ಲ. "ನಿಮ್ಮಕ್ಕನ ಚೀಲದೊಳಗೂ ಕೈ ಹಾಕಿ ನೋಡಿ. ಏನೂ ಇಲ್ಲದಿದ್ದರೆ ಅವರ ಹೊಲಿಗೆಯಾದರೂ ಕೈಗೆ ಸಿಗುತ್ತೆ. ನಿಮ್ಮ ಅಕ್ಕ."

ಟೀಚರಮ್ಮ ಮಾರನೆಯ ವಾರ ಅಂಗಡಿಗೇ ಬಂದರು. ಭುಜದ ಮೇಲೆ ಅವರಕ್ಕನ ಚೀಲ. ಒಳಗೆ ಬಂದವರೇ ಮೇಡಮ್ಮನ್ನು ಅಪ್ಪಿ ಅತ್ತರು. ಮೇಡಂ ಅವರ ಬೆನ್ನು ತಟ್ಟುತ್ತ, ಹೆಗಲ ಮೇಲಿನಿಂದ ಮಲ್ಲಿಯತ್ತ ಹುಬ್ಬೇರಿಸಿದರು. ಯಾರಿದು?

"ಟೀಚರು. ಅಕ್ಕ ತೀರಿಕೊಂಡವರು," ಎಂದು ಮಲ್ಲಿ ತುಟಿಯಲ್ಲೇ ಹೇಳಿದಳು.

"ಅಕ್ಕನ ನೆನಪಾಯ್ತಾ?" ಎಂದರು ಮೇಡಂ.

ಟೀಚರಮ್ಮನಿಗೆ ಅಳು ಇನ್ನಷ್ಟು ಉಕ್ಕಿತು. ಹೊರಡುವಾಗ ಮಲ್ಲಿಯ ಕೈಯಿಂದ ಹೊಸ ಚೀಲದ ಪೊಟ್ಟಣ ತೆಗೆದುಕೊಂಡು, "ಪುಣ್ಯ ಮಾಡಿದ್ದೀಯ ನೋಡಮ್ಮ, ಇಂಥವರ ಹತ್ರ ಕೆಲಸ ಸಿಕ್ಕಿದೆ," ಎಂದರು.

ಮಲ್ಲಿಗೆ ಆ ದಿನ ಅನ್ನ ಸೇರಲಿಲ್ಲ. ಮೇಡಮ್ಮಿನ ಕಾರು ಕಂಡು ಅವಳಿಗೆ ಎಂದೂ ಹೊಟ್ಟೆ ಉರಿದಿರಲಿಲ್ಲ. ಕಾರು ಇರುವವರಿಗೆ ಇರುತ್ತದೆ. ಆದರೆ ಆ ಅಪ್ಪುಗೆ! ಅದು ತನ್ನ ವಿಳಾಸಕ್ಕೆ ಬಂದು ಪಕ್ಕದ ಮನೆಗೆ ಬಟವಾಡೆಯಾದ ಹಾಗಿತ್ತು.

"ಹೊಟ್ಟೆಕಿಚ್ಚಾ?" ಎಂದಳು ಕತ್ತರಿಯಮ್ಮ.

"ಹ್ಞೂಂ."

"ಯಾರ ಮೇಲೆ? ಆ ಅಕ್ಕನೂ ನೀನೇ. ನಿನ್ನ ಮೇಲೆ ನಿನಗೇ ಹೊಟ್ಟೆಕಿಚ್ಚೇನೇ ಹುಚ್ಚಿ?"

"ನಾನೇ ಆಗಿದ್ರೆ ನನ್ನನ್ನ ಯಾಕೆ ತಬ್ಕೊಳ್ಳಲಿಲ್ಲ?"

ಕತ್ತರಿಯಮ್ಮ ಕತ್ತರಿಸಿದ ಬಟ್ಟೆಯನ್ನು ಅವಳತ್ತ ತಳ್ಳಿದಳು. "ಗೆದ್ದಲು ಕಟ್ಟೋ ಹುತ್ತ, ಹಾವು ಬಂದು ಮಲಗುತ್ತೆ. ಹೊಲಿ, ಹೊಲಿ," ಎಂದಳು.

ಆಮೇಲೆ ಅಂಗಡಿಗೆ ಹಳೇ ಪ್ಯಾಂಟುಗಳ ಗಂಟು ಬರತೊಡಗಿತು. ಪ್ರತಿ ಚೀಲದೊಳಗೂ ಪ್ಯಾಂಟಿನ ಜೇಬು ಕೂರಿಸಿ ಎಂದರು ಮೇಡಂ. ಮಲ್ಲಿಗೆ ತನ್ನ ಶಾಲೆಯ ಚೀಲ ನೆನಪಾಯಿತು. ಹೊಸ ಮಾದರಿ ಇರಬೇಕು, ಕಾಕತಾಳೀಯ ಎಂದುಕೊಂಡಳು. ಬಡವರು ಅನುಮಾನವನ್ನೂ ಮೊದಲು ತಮ್ಮ ಮೇಲೇ ಪಡುತ್ತಾರೆ.

ಭಾನುವಾರ ಮನೆಯಲ್ಲಿ ಅಮ್ಮ ಕಾಲು ಚಾಚಿ ಕೂತು ಫೋನು ನೋಡುತ್ತಿದ್ದಳು. ಮೇಡಮ್ಮಿನ ಹೊಸ ವಿಡಿಯೊ. "ಅಮ್ಮನ ಜೇಬು" ಎಂಬ ಚೀಲ. ಅಪ್ಪನ ಪ್ಯಾಂಟು, ಶಾಲೆಯ ಗೇಲಿ, ಎಲ್ಲ ಬಂತು. ಮೇಡಂ ಕಣ್ಣೀರು ಒರೆಸಿಕೊಂಡು ಹೇಳಿದರು: "ಆ ಅಮ್ಮ ಈಗಿಲ್ಲ. ಜೇಬು ಉಳಿದಿದೆ."

"ಪಾಪ!" ಎಂದಳು ಅಮ್ಮ, ಸೆರಗಿನಿಂದ ಕಣ್ಣೊತ್ತಿಕೊಂಡು. "ನೋಡೇ, ಇಷ್ಟು ದೊಡ್ಡೋರ ಮನೇಲೂ ನಮ್ಮ ಹಾಗೇ ಕಷ್ಟ ಇತ್ತು." ವಿಡಿಯೊ ಪೆಪ್ಪರಮೆಂಟಿನ ಕಾಗದಕ್ಕೆ ಬಂತು. ಅಮ್ಮನ ಸೆರಗು ಅರ್ಧಕ್ಕೇ ನಿಂತಿತು. ಮಗಳ ಮುಖ ನೋಡಿದಳು.

"ಇದು ನಾನಲ್ವೇನೇ?"

"ಹೌದಮ್ಮ."

"ಮತ್ತೆ ನನ್ನನ್ನ ಯಾವಾಗ ಸಾಯಿಸಿದ್ರು? ಒಂದು ಮಾತು ಹೇಳಿದ್ರೆ ಸಿದ್ಧವಾಗಿರ್ತಿದ್ದೆ."

ಮಾರನೆಯ ದಿನ ಮಲ್ಲಿ ಮೇಡಮ್ಮಿನ ಮುಂದೆ ನಿಂತಳು. "ಮೇಡಂ, ನಮ್ಮಮ್ಮ ಬದುಕಿದ್ದಾರೆ."

"ಅಯ್ಯೋ, ನೂರು ವರ್ಷ ಬದುಕಲಿ! ಯಾರು ಬೇಡ ಅಂದ್ರು? ಇದು ಬೇರೆ ಅಮ್ಮ."

"ಕಥೆ ನಮ್ಮಮ್ಮಂದು ಮೇಡಂ. ನಾನು ಟೀಚರಮ್ಮನಿಗೆ ಬರೆದದ್ದು."

ಪಕ್ಕದಲ್ಲಿ ಕೂತಿದ್ದ ಮೇಡಮ್ಮಿನ ತಮ್ಮ ತಲೆಯೆತ್ತಿ ಹೇಳಿದ: "ಯಾವ ಫೋನಲ್ಲಿ ಬರೆದೆ? ಅಂಗಡಿ ಫೋನು. ಯಾವ ಹೆಸರಲ್ಲಿ? ಅಂಗಡಿ ಹೆಸರಲ್ಲಿ. ಮತ್ತೆ ಅದು ಯಾರದ್ದು?"

"ಇದ್ದ ಅಮ್ಮನನ್ನ ಯಾಕೆ ಸಾಯಿಸಿದ್ರಿ?"

"ಸತ್ತರೆ ಜನಕ್ಕೆ ಹತ್ರ ಆಗ್ತಾಳೆ," ಎಂದ ಅವನು, ಪಾಠ ಹೇಳುವ ಮೇಷ್ಟ್ರ ಹಾಗೆ.

"ಇಷ್ಟವಿಲ್ಲದಿದ್ರೆ ಹೇಳು," ಎಂದರು ಮೇಡಂ. "ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಹ್ಞಾಂ, ಬೇಡಿಕೆ ಜಾಸ್ತಿ ಆಗಿದೆ. ಜೇಬು ಹೊಲಿಯೋಕೆ ಬರೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬಾ."

ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು. ಮಲ್ಲಿ ಮನೆಗೆ ಬಂದು ಹೇಳಿದಳು. ಅಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು.

"ನಡಿ. ನನ್ನ ಜೇಬು ನಾನೇ ಹೊಲಿದು ಕೊಡ್ತೀನಿ. ಸತ್ತೋರಿಗೆ ಕೂಲಿ ಎಷ್ಟು ಕೊಡ್ತಾರೋ ನೋಡೋಣ."

ಅಂಗಡಿಯ ಹಿಂದಿನ ಕೋಣೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಯಂತ್ರವನ್ನು ಕತ್ತರಿಯಮ್ಮ ಎಣ್ಣೆ ಹಾಕಿ ಕೊಟ್ಟಳು. ಮೇಡಂ ಹಾದುಹೋಗುವಾಗ ಅಮ್ಮನನ್ನು ನೋಡಿದರು, ಯಾರೆಂದು ಕೇಳಲಿಲ್ಲ. "ಹೊಲಿಗೆ ನೀಟಾಗಿರಲಿ," ಎಂದರಷ್ಟೆ. ಆ ಕೋಣೆಯಲ್ಲಿದ್ದವರಿಗೆಲ್ಲ ಅಷ್ಟರಲ್ಲಿ ಕಥೆ ಗೊತ್ತಾಗಿತ್ತು. ಹೆಂಗಸರು ಅಮ್ಮನನ್ನು "ದಿವಂಗತರೇ" ಎಂದು ಕರೆಯುತ್ತಿದ್ದರು. "ದಿವಂಗತರೇ, ಸ್ವಲ್ಪ ದಾರ ಕೊಡ್ರೀ."

"ತಗೋಳೇ. ನಾನಂತೂ ಮೇಲೆ ಹೊತ್ಕೊಂಡ್ ಹೋಗಲ್ಲ."

ಚೀಲ ಬಿಡುಗಡೆಯ ಲೈವ್ ಅದೇ ವಾರ. ಫ್ಯಾನು ನಿಂತಿತು, ಯಂತ್ರಗಳು ನಿಂತವು. ಹೊಸಬಳಾದ ಅಮ್ಮನಿಗೆ ಕತ್ತರಿಯಮ್ಮ ಬಾಯಿಗೆ ಬೆರಳಿಟ್ಟು ತೋರಿಸಿದಳು. ಆಚೆ ಮೇಡಂ ಅಮ್ಮನ ಬಗ್ಗೆ ಹೇಳುತ್ತ ಹೇಳುತ್ತ ಗದ್ಗದರಾದರು. ಹೃದಯಗಳು ಫೋನಿನ ತುಂಬ ತೇಲಿದವು. ಸಾವಿರಾರು. ಒಂದೊಂದೂ ಮಲ್ಲಿಯ ಕಣ್ಣಿಗೆ ಕಿಡಿಯ ಹಾಗೆ ಬಿತ್ತು. ತನ್ನ ಮಾತು ಹೋಯಿತು, ಟೀಚರಮ್ಮ ಹೋದರು, ಈಗ ಅಮ್ಮನನ್ನೂ ಅಪ್ಪನನ್ನೂ ಹೊತ್ತೊಯ್ಯುತ್ತಿದ್ದಾರೆ.

ಅಷ್ಟರಲ್ಲಿ ಟೀಚರಮ್ಮನ ಪ್ರಶ್ನೆ ಬಂತು. "ಅಕ್ಕ, ಅಮ್ಮ ಕೊನೆಯಲ್ಲಿ ಏನು ಹೇಳಿದರು?"

ಮೇಡಂ ಒದ್ದೆ ಕಣ್ಣಿನಲ್ಲಿ ಮೂಲೆಯ ಕಡೆ ನೋಡಿದರು. ಮಲ್ಲಿ ರಟ್ಟು ತೆಗೆದುಕೊಂಡಳು. ಎಂದಿನಂತೆ ದಪ್ಪಕ್ಷರದಲ್ಲೇ ಬರೆದಳು. ಎತ್ತಿ ಹಿಡಿದಳು.

ಮೇಡಂ ಉಸಿರೆಳೆದುಕೊಂಡು, ಎದೆಯ ಮೇಲೆ ಕೈಯಿಟ್ಟು, ದುಃಖ ತುಂಬಿದ ದನಿಯಲ್ಲಿ ಓದಿದರು: "ಅಮ್ಮ ಸತ್ತಿಲ್ಲ. ಪರದೆ ಹಿಂದೆ ಕೂತು ನಿಮ್ಮ ಚೀಲ ಹೊಲೀತಿದ್ದಾಳೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವರ ಕಿವಿಗೆ ಹೋಯಿತು.

ಪರದೆಯ ಹಿಂದೆ ಒಂದು ಯಂತ್ರ ಕಟಕಟ ಎಂದಿತು. ಅಮ್ಮನದು. ಅದರ ಬೆನ್ನಿಗೆ ಇನ್ನೊಂದು. ಮತ್ತೊಂದು. ಆಮೇಲೆ ಎಲ್ಲವೂ.

"ನಿಲ್ಲಿಸ್ರೇ!" ಎಂದು ಮೇಡಂ ಕೂಗಿದ್ದೂ ಲೈವ್‌ನಲ್ಲೇ ಹೋಯಿತು. ತಮ್ಮ ತಡವರಿಸಿ ಕ್ಯಾಮೆರಾ ಆರಿಸುವಷ್ಟರಲ್ಲಿ ಜನ ಕೇಳತೊಡಗಿದ್ದರು. ಏನದು ಸದ್ದು? ಯಾರಿದ್ದಾರೆ ಅಲ್ಲಿ?

"ಫೋನ್ ಕೊಡೇ ಇಲ್ಲಿ!" ಎಂದು ಅವನು ಮೂಲೆಗೆ ನುಗ್ಗಿದ. ಪರದೆ ಸರಿಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಮಲ್ಲಿಯ ಮುಂದೆ ನಿಂತರು, ಕತ್ತಿನಲ್ಲಿ ಅಳತೆ ಟೇಪು, ಮೈಮೇಲೆಲ್ಲ ದಾರದ ಚೂರು. ಕತ್ತರಿಯಮ್ಮ ಗೋಡೆಯ ಹತ್ತಿರ ಹೋಗಿ ಫ್ಯಾನಿನ ಸ್ವಿಚ್ಚು ಒತ್ತಿದಳು.

"ಗಂಟೆಯೊಳಗೆ ಉತ್ತರ ಕೊಡಬೇಕಲ್ವಾ ಸ್ವಾಮಿ? ಅವಳು ಕೊಡ್ತಿದ್ದಾಳೆ. ತಡೀರಿ."

ಅವರ ಬೆನ್ನುಗಳ ಹಿಂದೆ, ನೆಲದ ಮೇಲೆ ಕೂತು, ಮಲ್ಲಿ ಬರೆಯುತ್ತಿದ್ದಳು. ಟೀಚರಮ್ಮ ಕೇಳಿದ್ದರು: "ಹಾಗಾದರೆ ಇಷ್ಟು ದಿನ ನನ್ನ ಜೊತೆ ಮಾತಾಡಿದ್ದು ಯಾರು?"

"ಅವತ್ತು ನಿಮ್ಮ ಕೈಗೆ ಪೊಟ್ಟಣ ಕೊಟ್ಟವಳು," ಎಂದು ಮಲ್ಲಿ ಬರೆದಳು. "ನೀವು ಪುಣ್ಯ ಮಾಡಿದ್ದೀಯ ಅಂದಿರಲ್ಲ, ಅವಳು."

ಕೊನೆಗೆ ಬೆರಳುಗಳು ರೂಢಿಯಂತೆ ತಾವಾಗಿಯೇ ಬರೆದವು: ನಿಮ್ಮ ಅಕ್ಕ.

ಅಳಿಸಬೇಕೆಂದು ಬೆರಳೆತ್ತಿದಳು. ಅಳಿಸಲಿಲ್ಲ. ಕಳಿಸಿದಳು.