ಹಿಂದಕ್ಕೆ ಬರುವವಳು

ಬಂದಳು, ಈ ಸಲವೂ ಬಂದಳು, ಐಸ್ ಹಾಕಿಯ ಬಿಲ್ಲೆ ಕೈತಪ್ಪಿದ ಕ್ಷಣವೇ ಕಾಲು ತಿರುಗಿಸಿ, ಮಂಜುಗಡ್ಡೆಯ ಪುಡಿ ಹಾರಿಸುತ್ತ ತಮ್ಮ ಗೋಲಿನ ಕಡೆಗೇ ಬಂದಳು, ಎದುರು ತಂಡದ ಹಳದಿ ಅಂಗಿಯವಳ ಕೋಲಿನಡಿ ತನ್ನ ಕೋಲು ತೂರಿಸಿ ಮೆಲ್ಲಗೆ ಎತ್ತಿದಳು, ಅಷ್ಟೇ, ಬಿಲ್ಲೆ ಪಕ್ಕಕ್ಕೆ ಜಾರಿತು, ಯಾರೂ ಚಪ್ಪಾಳೆ ತಟ್ಟಲಿಲ್ಲ, ಇಂಥದ್ದಕ್ಕೆಲ್ಲ ಯಾರು ತಟ್ಟುತ್ತಾರೆ — ಬೆಂಚಿನ ಹಿಂದೆ ನಿಂತ ಕೋಚ್ ತೂಲಿಯಾ ಭಾರವನ್ನು ಬಲಗಾಲಿಗೆ ಹಾಕಿದಳು, ಎಡ ಮೊಣಕಾಲು ಬೆಳಗಿನಿಂದ ಗೊಣಗುತ್ತಲೇ ಇದೆ, ಹೊರಗೆ ಕೆರೆ ಗಡ್ಡೆಕಟ್ಟುವಾಗ ಅದಕ್ಕೆ ಮೊದಲೇ ಸುದ್ದಿ ಬರುತ್ತದೆ. ಇನ್ಕೆರಿ ಹಿಂದಕ್ಕೆ ಬರುತ್ತಾಳೆ. ಈ ಊರಲ್ಲಿ ಯಾರಾದರೂ ನಂಬುತ್ತಿದ್ದರೇ, ಗೋಲು ಹೊಡೆಯುವ ಇನ್ಕೆರಿ, ಬೇಕರಿಯ ಗೋಡೆಯ ಮೇಲೆ ಫೋಟೋ ಇರುವ ಇನ್ಕೆರಿ, ಸ್ವೀಡನ್ನಿನವರು ಕರೆದುಕೊಂಡು ಹೋಗಿ ತಲೆ ಮೇಲೆ ಹೊತ್ತುಕೊಂಡ ಇನ್ಕೆರಿ — ಮೂವತ್ತು ದಾಟಿದ ಮೇಲೆ ಊರಿಗೆ ವಾಪಸು ಬಂದು ಗೆಳತಿ ತೂಲಿಯಾಳ ಕೈಕೆಳಗೆ ಆಡುತ್ತಿದ್ದಾಳೆ, ಗೆಳತಿ, ಹೌದು, ಆ ಮಾತನ್ನು ಇನ್ನೂ ಬಳಸಬಹುದಾದರೆ. ಬೆಂಚಿನ ಹಿಂದೆ ಪ್ರೇಕ್ಷಕರ ಮೇಲಿನ ಸಾಲಲ್ಲಿ ಕೂತ ಮುದುಕರಿಬ್ಬರು ಪ್ರತಿ ಭಾನುವಾರದ ಹಾಗೆ ಜ್ಯೇಷ್ಠಮಧುವಿನ ಉಪ್ಪು ಮಿಠಾಯಿ ಚೀಪುತ್ತ ಶುರು ಮಾಡಿದ್ದಾರೆ, ಆ ಕಡೆ ಗೋಲಿಗೆ ಅವಳು ಕಣ್ಣು ಮುಚ್ಕೊಂಡು ಹೋಗ್ತಿದ್ಲು, ಈ ಕಡೆ ಗೋಲಿಗೆ ಬರ್ಬೇಕಾದ್ರೆ ನಕ್ಷೆ ಬೇಕಾಗಿತ್ತು, ಈಗ ನೋಡು ಹೆಂಗೆ ಬರ್ತಾಳೆ, ಅಂತ ಒಬ್ಬ, ವಯಸ್ಸಾಯ್ತಲ್ಲಪ್ಪ, ಮನೆ ನೆನಪಾಗುತ್ತೆ, ಅಂತ ಇನ್ನೊಬ್ಬ.

ಒಂದೇ ಮಾತು ಹೇಳು ಅಂದಿದ್ದ ರೈಮೋ, ರಾಷ್ಟ್ರೀಯ ತಂಡದ ಕೋಚ್, ಬೆಳಿಗ್ಗೆ ಕಾಫಿ ಇನ್ನೂ ಬಟ್ಟಲಿಗೆ ಬಿದ್ದಿರಲಿಲ್ಲ, ಆಗಲೇ ಫೋನು. ಇನ್ಕೆರಿ ಗೋಲು ಹೊಡೀತಾಳೆ ಅಂತ ನನಗೆ ಹೇಳ್ಬೇಡ ತೂಲಿಯಾ, ಅದು ಹಾಲು ಕುಡಿಯೋ ಮಗೂಗೂ ಗೊತ್ತು, ಅವಳ ಒಟ್ಟು ಆಟ ಸುಧಾರಿಸಿದೆಯಾ, ಬಿಲ್ಲೆ ಇಲ್ಲದಾಗ ಏನು ಮಾಡ್ತಾಳೆ, ಹಿಂದಕ್ಕೆ ಬರ್ತಾಳಾ, ಹೊಡೆತಕ್ಕೆ ಮೈ ಕೊಡ್ತಾಳಾ — ವಿಶ್ವ ಪಂದ್ಯಾವಳಿಗೆ ಒಂದೇ ಜಾಗ ಉಳಿದಿದೆ, ಇವತ್ತಿನ ಆಟ ನೋಡಿ ಸಂಜೆಯೊಳಗೆ ಹೇಳು, ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ನನ್ನನ್ನೇ ಯಾಕೆ ಕೇಳ್ತೀರಿ ಅಂದದ್ದಕ್ಕೆ ಅವನು ನಕ್ಕ, ಅವಳ ವಿಷಯದಲ್ಲಿ ನೀನು ಸುಳ್ಳು ಹೇಳಲ್ಲ, ನಿನ್ನ ಕಾಲು ಹೇಳೋಕೆ ಬಿಡಲ್ಲ ಅಂದ, ತಮಾಷೆ ಅಂದುಕೊಂಡೇ ಅಂದ. ಕಾಲು. ಕಾಲು ಸುಳ್ಳು ಹೇಳುವುದಿಲ್ಲ, ಅದು ಬೇರೇನನ್ನೋ ಹೇಳಿಸಲು ನೋಡುತ್ತದೆ, ಊಹೂಂ ಅನ್ನು, ಒಂದು ಊಹೂಂ, ಯಾರಿಗೂ ತಿಳಿಯುವುದಿಲ್ಲ, ಇನ್ನೊಂದು ವರ್ಷ ಬಿಟ್ಟು ಅವಳನ್ನು ಯಾರೂ ಕೇಳುವುದೂ ಇಲ್ಲ.

ಚಿಕ್ಕಂದಿನಲ್ಲಿ ಗಡ್ಡೆಕಟ್ಟಿದ ಕೆರೆಯ ಮೇಲೆ ಇಬ್ಬರೇ ಆಡುತ್ತಿದ್ದಾಗಲೂ ಅವಳು ಹಿಂದಕ್ಕೆ ಬಂದವಳಲ್ಲ, ಇನ್ಕೆರಿಯ ಅಪ್ಪ ಹಿಮ ಬಾಚಿ ಅಂಗಳ ಮಾಡಿಕೊಡುತ್ತಿದ್ದ, ಅವಳು ಹೊಡೆಯುತ್ತಿದ್ದಳು, ತಪ್ಪಿದರೆ ಬಿಲ್ಲೆ ಹಿಮದ ರಾಶಿಯೊಳಗೆ, ಹೋಗಿ ತರುವವಳು ತೂಲಿಯಾ, ಕೈಗವಸು ಒದ್ದೆ, ಬೆರಳು ಮರಗಟ್ಟಿ, ಹೋಗೇ ನೀನೇ ತಗೊಂಡ್ಬಾ ಅಂದರೆ ಇನ್ಕೆರಿ ನಿಜವಾಗಿಯೂ ಅರ್ಥವಾಗದವಳಂತೆ ನೋಡುತ್ತಿದ್ದಳು, ನೀನು ತರ್ತೀಯಲ್ಲ ಅನ್ನುತ್ತಿದ್ದಳು, ಕೆಡುಕು ಇರಲಿಲ್ಲ ಅದರಲ್ಲಿ, ಸೂರ್ಯ ಮೂಡುತ್ತಾನಲ್ಲ ಅನ್ನುವ ಹಾಗೆ. ಆಮೇಲೆ, ದೊಡ್ಡವರಾಗಿ ಒಂದೇ ತಂಡದಲ್ಲಿ ಆಡಿದ ಆ ಫೈನಲ್, ಕೊನೆಯ ಗಳಿಗೆ, ಆಟ ಸಮ, ಬಿಲ್ಲೆ ಮೂಲೆಗೆ ಉರುಳಿತು, ತೂಲಿಯಾ ಅದರ ಹಿಂದೆ ಓಡಿದಳು, ಬೆನ್ನ ಹಿಂದೆ ಎದುರಾಳಿ ಯಾರದೋ ಸ್ಕೇಟಿನ ಸದ್ದು ಕರಕರ ಹತ್ತಿರವಾಗುತ್ತಿದೆ, ಇನ್ಕೆರಿ ಕೈಗೆಟುಕುವಷ್ಟರಲ್ಲೇ ಇದ್ದಾಳೆ, ಬಂದರೆ ಸಾಕು, ಅಡ್ಡ ನಿಂತರೆ ಸಾಕು — ಅವಳು ಬರಲಿಲ್ಲ, ಮುಂದಕ್ಕೆ ಹೋದಳು, ಅಂಕಣವನ್ನು ಭಾಗ ಮಾಡುವ ನೀಲಿ ಗೆರೆಯ ಹತ್ತಿರ ನಿಂತು ಕೋಲೆತ್ತಿ ಕೂಗಿದಳು, ತೂಲೀ, ಇಲ್ಲಿ — ತೂಲಿಯಾಳ ಮೊಣಕಾಲು ಅಂಕಣದ ಅಂಚಿನ ಹಲಗೆಗೆ ಬಡಿದು ತಿರುಚಿಕೊಳ್ಳುತ್ತಿರುವಾಗಲೂ ಕೈ ತನ್ನ ಕೆಲಸ ಮಾಡಿತು, ಬಿಲ್ಲೆ ನೆಟ್ಟಗೆ ಅವಳ ಕೋಲಿಗೆ ಹೋಯಿತು, ಗೋಲು. ತಂಡವೆಲ್ಲ ಆ ತುದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು, ಈ ತುದಿಯಲ್ಲಿ ತೂಲಿಯಾ ಕೆನ್ನೆಯನ್ನು ಮಂಜುಗಡ್ಡೆಗೆ ಒತ್ತಿ ಮಲಗಿದ್ದಳು, ತಣ್ಣಗೆ ಹಿತವಾಗಿತ್ತು, ಅದು ನೆನಪಿದೆ. ಆಸ್ಪತ್ರೆಗೆ ಬಂದಳು ಇನ್ಕೆರಿ, ಬಂದಳು, ಇಲ್ಲವೆನ್ನುವುದು ತಪ್ಪು, ಬಂದು ಎಂಥಾ ಪಾಸ್ ಕೊಟ್ಟೆ ಮಾರಾಯ್ತಿ ಅಂದಳು, ಕೈ ಹಿಡಿದು ಅತ್ತಳು ಕೂಡ, ನಾನು ಹಿಂದಕ್ಕೆ ಬರಬೇಕಿತ್ತು ಅನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ, ಹೊಳೆಯಲೇ ಇಲ್ಲವೇನೋ, ಎಲೆ ಉದುರುವ ಹೊತ್ತಿಗೆ ಸ್ವೀಡನ್ನಿಗೆ ಹೋದಳು. ಅವಳು ಇರುವುದೇ ಹಾಗೆ, ಮೀನಿಗೆ ಮರ ಹತ್ತು ಅನ್ನುವುದಕ್ಕಾಗುತ್ತದೆಯೇ ಅಂದುಕೊಂಡು ತೂಲಿಯಾ ಅವಳನ್ನು ಕ್ಷಮಿಸಿದ್ದಳು, ಆಗದು ಅಂತ ಕ್ಷಮಿಸಿದ್ದಳು, ಬರಲು ಅವಳಿಂದ ಆಗದು ಅಂತ.

ಈಗ ಬರುತ್ತಿದ್ದಾಳೆ.

ವಿರಾಮದಲ್ಲಿ ಕಾಫಿ ಕಟ್ಟೆಯ ಹಿಂದೆ ಇನ್ಕೆರಿಯ ಅಮ್ಮ ಅನ್ನ ತುಂಬಿದ ರೈ ಹಿಟ್ಟಿನ ಕಡುಬಿಗೆ ಮೊಟ್ಟೆ ಬೆರೆಸಿದ ಬೆಣ್ಣೆ ಸವರುತ್ತಿದ್ದಳು, ತಗೋ, ತಿನ್ನು, ಗಾಳಿ ಕುಡ್ದು ಕೋಚ್ ಆಗೋಕಾಗಲ್ಲ ಅಂದಳು, ಆಮೇಲೆ ದನಿ ತಗ್ಗಿಸಿ, ರೈಮೋ ಫೋನ್ ಮಾಡಿದ್ನಂತಲ್ಲ. ಯಾರು ಹೇಳಿದ್ರು ಅತ್ತೆ. ಊರು ಸಣ್ಣದು ಕಣೇ, ಫೋನಿಗೂ ಕಿವಿ ಇದೆ. ಇನ್ಕೆರಿಗೆ ಗೊತ್ತಾ. ನಾನಂತೂ ಹೇಳಿಲ್ಲ, ಅಂದಳು ಇನ್ಕೆರಿಯ ಅಮ್ಮ, ಬೆಣ್ಣೆಯ ಚಾಕುವನ್ನೇ ನೋಡುತ್ತ, ಅವಳು ಮೊದಲಿನವಳಲ್ಲ ತೂಲಿ, ಮನೇಲೂ ಅಷ್ಟೇ, ಉಂಡ ತಟ್ಟೆ ತಾನೇ ಎತ್ತಿಡ್ತಾಳೆ. ತಟ್ಟೆ ಎತ್ತಿಡುತ್ತಾಳೆ. ತೂಲಿಯಾ ಅರ್ಧ ಕಚ್ಚಿದ ಕಡುಬನ್ನು ಕಟ್ಟೆಯ ಮೇಲಿಟ್ಟಳು. ಗೊತ್ತಿದ್ದೇ ಬರುತ್ತಿದ್ದಾಳೆಯೇ ಹಾಗಾದರೆ, ರೈಮೋನ ಕಣ್ಣಿಗೆ, ಆ ಒಂದು ಜಾಗಕ್ಕೆ — ಆದರೆ ಶರತ್ಕಾಲದಿಂದಲೂ ಬರುತ್ತಿದ್ದಾಳೆ, ಬೆಳಗಿನ ಅಭ್ಯಾಸದಲ್ಲಿ, ಯಾರೂ ನೋಡದಿರುವಾಗ, ಖಾಲಿ ಆಸನಗಳ ಮುಂದೆ, ಹಿಲ್ಲಾಳಂಥ ಎಳೆಯ ಡಿಫೆಂಡರುಗಳ ಜೊತೆ ಮೂಲೆಗೆ ಓಡಿ ಓಡಿ, ಅದನ್ನು ನೋಡಿದವಳು ತೂಲಿಯಾ ಒಬ್ಬಳೇ. ನಾಟಕವಾಗಿದ್ದರೆ ಎಷ್ಟು ಚೆನ್ನಾಗಿತ್ತು. ನಿಜವಾಗಿರುವುದೇ ನುಂಗಲಾಗದ್ದು, ಈಗ ಬರಲು ಆಗುತ್ತದೆ ಅಂದರೆ ಆಗಲೂ ಆಗುತ್ತಿತ್ತು, ಅದೇ ಕಾಲು, ಅದೇ ಕಣ್ಣು, ಒಂದು ತಿರುವು, ಅಷ್ಟೇ ಬೇಕಾಗಿದ್ದದ್ದು.

ಆಟದ ಮೂರನೆಯ, ಕೊನೆಯ ಭಾಗ, ನಮ್ಮದು ಒಂದು ಗೋಲು ಮುಂದೆ, ಹಿಲ್ಲಾ ಮೂಲೆಗೆ ಓಡುತ್ತಿದ್ದಾಳೆ, ಬಿಲ್ಲೆಯ ಹಿಂದೆ, ತಲೆ ತಗ್ಗಿಸಿ, ತಲೆ ಎತ್ತೇ ಅಂತ ಎಷ್ಟು ಸಲ ಹೇಳಿಲ್ಲ, ಹಳದಿ ಅಂಗಿಯ ದಪ್ಪನೆಯವಳು ಅವಳ ಬೆನ್ನಿಗೇ ಗುರಿಯಿಟ್ಟು ಬರುತ್ತಿದ್ದಾಳೆ, ತೂಲಿಯಾ ಬೆಂಚಿನ ಅಂಚು ಹಿಡಿದು ಮುಂದಕ್ಕೆ ಬಾಗಿದ್ದಾಳೆ, ಇನ್ಕೆರಿ ನೀಲಿ ಗೆರೆಯ ಹತ್ತಿರ, ಮುಂದೆಲ್ಲ ಬಯಲು, ಒಂದು ಪಾಸ್ ಸಿಕ್ಕರೆ ಗೋಲ್‌ಕೀಪರ್ ಒಬ್ಬಳೇ ಎದುರು, ಹೋಗುತ್ತಾಳೆ, ಈಗ ಹೋಗುತ್ತಾಳೆ, ಹೋಗು — ಹೋಗು ಅಂತಲೇ ಮನಸ್ಸು ಅಂದಿತಲ್ಲ, ಹಿಲ್ಲಾಳ ಮೊಣಕಾಲು ಏನಾದರಾಗಲಿ ಅಂತ ಅಂದಿತಲ್ಲ, ಒಂದು ಚಿಟಿಕೆಯಷ್ಟು ಹೊತ್ತು — ಇನ್ಕೆರಿ ತಿರುಗಿದಳು. ಬಂದಳು, ಇಬ್ಬರ ನಡುವೆ ಹೆಗಲು ಕೊಟ್ಟಳು, ಹಲಗೆ ದಡಾರನೆ ನಡುಗಿತು, ಹಿಲ್ಲಾ ಆ ಬದಿಯಿಂದ ಪಾರಾಗಿ ಬಿಲ್ಲೆಯನ್ನು ಮುಂದಕ್ಕೆ ಹೊಡೆದಳು, ಇನ್ಕೆರಿ ಕೆಳಗೆ. ಎದ್ದಳು, ಒಂದು ಮಂಡಿಯ ಮೇಲೆ. ಹೆಗಲು ಮುಟ್ಟಿಕೊಳ್ಳಲಿಲ್ಲ, ಹಿಲ್ಲಾಳನ್ನು ನೋಡಲಿಲ್ಲ, ಮೊದಲು ಬೆಂಚಿನ ಕಡೆ ನೋಡಿದಳು, ಹೆಲ್ಮೆಟ್ಟಿನ ಮುಖದ ತಂತಿಜಾಲರಿಯ ಹಿಂದಿನಿಂದ ಎರಡು ಕಣ್ಣು, ನೇರ ತೂಲಿಯಾಳನ್ನು.

ಹಿಲ್ಲಾ ಹೊಡೆದ ಬಿಲ್ಲೆಗೆ ಮುಂದೆ ಯಾರೂ ಇರಲಿಲ್ಲ. ಹಳದಿಯವರು ಎತ್ತಿಕೊಂಡರು, ತಿರುಗಿ ಬಂದರು, ಗೋಲಾಯಿತು, ಆಟ ಸಮವಾಯಿತು, ಹೆಚ್ಚುವರಿ ಸಮಯದಲ್ಲಿ ಇನ್ನೊಂದು, ಸೋತೆವು, ಯಾರು ಹೊಡೆದರು, ಹೇಗೆ ಹೊಡೆದರು, ತೂಲಿಯಾ ಅದನ್ನೆಲ್ಲ ಗಾಜಿನಾಚೆ ಹಿಮ ಬೀಳುವುದನ್ನು ನೋಡುವವಳಂತೆ ನೋಡಿದಳು, ಕಣ್ಣಲ್ಲಿ ಇದ್ದದ್ದು ಆ ತಂತಿಯ ಹಿಂದಿನ ಕಣ್ಣುಗಳೇ. ಅವಳು ಮುಂದೆ ನಿಂತಿದ್ರೆ ಗೆಲ್ತಿದ್ವಿ, ಅಂದ ಮೇಲಿನ ಸಾಲಿನ ಮುದುಕ, ಹಳೇ ಇನ್ಕೆರಿ ಆಗಿದ್ರೆ ಗೆಲ್ತಿದ್ವಿ, ಇನ್ನೊಬ್ಬ ಟೋಪಿ ಹಾಕಿಕೊಂಡ. ಉಡುಪಿನ ಕೋಣೆಯ ಹೊರಗಿನ ಓಣಿಯಲ್ಲಿ ಇನ್ಕೆರಿ ಬೆಂಚಿನ ಮೇಲೆ ಕೂತಿದ್ದಳು, ಹೆಗಲಿಗೆ ಐಸಿನ ಚೀಲ, ತುಟಿ ಒಡೆದಿದೆ, ಕೂದಲು ಹಣೆಗಂಟಿದೆ, ವಯಸ್ಸಾಗಿದೆ ಇವಳಿಗೆ, ನನಗೂ. ತೂಲಿ, ಅಂದಳು, ತಪ್ಪಾಯ್ತು. ಇಷ್ಟು ವರ್ಷ ಕಾದ ಮಾತು ಹೀಗೆ, ಬೆವರಿನ ವಾಸನೆಯ ಓಣಿಯಲ್ಲಿ, ಸುಮ್ಮನೆ — ನಾನು ಮುಂದೆ ಇರಬೇಕಿತ್ತು, ಅಂದಳು ಇನ್ಕೆರಿ, ಹಿಲ್ಲಾ ಪಾಸ್ ಕೊಡೋಕೆ ಮುಂದೆ ಯಾರೂ ಇರ್ಲಿಲ್ಲ, ನನ್ನಿಂದ ಸೋತ್ವಿ. ಓ, ಅದಕ್ಕೆ. ಅದಕ್ಕೆ ತಪ್ಪಾಯ್ತು. ನಗು ಬಂತು, ಬರಲಿಲ್ಲ, ಒಳಗಿನಿಂದ ಹಿಲ್ಲಾ ಯಾರದೋ ಜೊತೆ ಜಗಳವಾಡುವ ದನಿ ಕೇಳುತ್ತಿತ್ತು, ನನ್ನ ಟವೆಲ್ ಎಲ್ಲೇ, ನೆಟ್ಟನೆಯ ಎರಡು ಕಾಲಿನ ಮೇಲೆ ನಿಂತು ಜಗಳವಾಡುವ ದನಿ. ಇಲ್ಲ, ಅಂದಳು ತೂಲಿಯಾ, ನೀನು ಇರಬೇಕಾದ ಕಡೇನೇ ಇದ್ದೆ. ಇನ್ಕೆರಿ ತಲೆ ಎತ್ತಿದಳು, ಏನೋ ಹೇಳಲು ಹೊರಟಳು, ತೂಲಿಯಾ ನಿಲ್ಲಲಿಲ್ಲ, ನಿಂತು ಕೇಳುವುದು ಅವಳಿಂದ ಆಗದ ಕೆಲಸ, ಕುಂಟುತ್ತ ಬಾಗಿಲು ತಳ್ಳಿ ಹೊರಗೆ ಬಂದಳು.

ಚಳಿ ಮೂಗಿನೊಳಗೆ ಸೂಜಿಯ ಹಾಗೆ, ಕಾರುಗಳ ಮೇಲೆ ಹಿಮ, ಯಾರೋ ಕಾರಿನ ಗಾಜು ಕೆರೆಯುತ್ತಿದ್ದಾರೆ, ಬೆಳಕು ಇನ್ನೂ ಪೂರ್ತಿ ಹೋಗಿಲ್ಲ, ಫೋನು ಎರಡೇ ರಿಂಗಿಗೆ ಎತ್ತಿದ ರೈಮೋ. ಸೋತ್ರಂತೆ. ಹೂಂ, ಸೋತ್ವಿ. ಅವಳೇನೂ ಗೋಲು ಹೊಡೀಲಿಲ್ವಂತೆ. ಇಲ್ಲ. ಮತ್ತೆ, ಹೇಳು. ಊಹೂಂ ಅನ್ನುವ ಮಾತು ನಾಲಗೆಯ ಮೇಲೆ ಉಪ್ಪು ಮಿಠಾಯಿಯ ಹಾಗೆ ಕೂತಿತ್ತು, ಕರಗಲೂ ಇಲ್ಲ, ಉಗುಳಲೂ ಆಗಲಿಲ್ಲ. ಸುಧಾರಿಸಿದೆ, ಅಂದಳು, ಕರ್ಕೊಂಡು ಹೋಗಿ. ನಿಜವಾಗ್ಲೂ? ನಿಜವಾಗ್ಲೂ, ಬರ್ತಾಳೆ ಅವಳು, ಕರೀದೇನೇ ಬರ್ತಾಳೆ. ಆ ಕಡೆ ರೈಮೋ ಉಸಿರು ಬಿಟ್ಟದ್ದು ಕೇಳಿಸಿತು, ಆಗಲಿ, ಹಂಗಾದ್ರೆ ಅವಳೇ, ನಾಳೆ ಹೆಸರು ಪ್ರಕಟ ಮಾಡ್ತೀನಿ, ಆದ್ರೂ ಆಶ್ಚರ್ಯ ಕಣೇ, ಈ ವಯಸ್ಸಲ್ಲಿ, ಯಾಕೆ ಬದಲಾದ್ಲು ಅಂತೀಯ. ಯಾಕೆ. ಗೊತ್ತಿಲ್ಲ ಅನ್ನಲು ಬಾಯಿ ತೆರೆದಳು, ಜಾಗಕ್ಕಾಗಿ ಇರಬಹುದು, ವಯಸ್ಸಿಗೆ ಇರಬಹುದು, ಸ್ವೀಡನ್ನಿನವರು ಕಲಿಸಿರಬಹುದು, ಅಥವಾ ಎಲ್ಲೋ ಒಂದು ದಿನ ಯಾರದೋ ಮೊಣಕಾಲು ನೆನಪಾಗಿ — ನೋಡಿದೆಯಾ ಅಂತ ಕೇಳಿತೇ ಆ ನೋಟ, ಸಾಕಾ ಅಂತ ಕೇಳಿತೇ, ಏನನ್ನೂ ಕೇಳಲಿಲ್ಲವೇ, ತೂಲಿಯಾ, ಇದ್ದೀಯಾ, ಅನ್ನುತ್ತಿದೆ ಫೋನು, ಇದ್ದೀನಿ, ಇದ್ದೀನಿ, ಕಣ್ಣೆದುರು ಮತ್ತೆ ಇನ್ಕೆರಿ, ಒಂದು ಮಂಡಿ ಮಂಜುಗಡ್ಡೆಯ ಮೇಲೆ, ತಂತಿಯ ಹಿಂದೆ ಎರಡು ಕಣ್ಣು, ರೆಪ್ಪೆ ಮುಚ್ಚದೆ, ಬೆಂಚಿನ ಕಡೆಗೆ, ಎರಡು ಕಣ್ಣು